ಡೇರಿ ಸಾಲಿನಲ್ಲಿ ರೇಡಿಯೋ: ನನ್ನ ಅನುಭವ

ಹಳ್ಳಿ ರೇಡಿಯೋಗೆ ಈಗ ಕೇಳುಗರೇ ಇಲ್ಲ ಅನ್ನುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಇದ್ದಾರೆ. ಆದರೆ ಸ್ಟುಡಿಯೋದಲ್ಲಿ ಕೂತು ಕರೆದರೆ ಬರಲ್ಲ. ಅವರು ದಿನಾ ಎಲ್ಲಿ ನಿಲ್ಲುತ್ತಾರೋ ಅಲ್ಲಿಗೆ ನಾವು ಹೋಗಬೇಕು. ನಮ್ಮ ಕೋಲಾರದ ಕಡೆ ಆ ಜಾಗ ಅಂದರೆ ಹಾಲಿನ ಡೇರಿ. ಸಂಜೆ ಡೇರಿ ಸಾಲಿನಲ್ಲಿ ರೆಕಾರ್ಡ್ ಮಾಡುತ್ತೇನೆ, ಮಾರನೇ ಬೆಳಿಗ್ಗೆ ಅದೇ ಸಾಲಿಗೆ ಕೇಳಿಸುತ್ತೇನೆ. ಇದನ್ನು ಮೊದಲ ಸಲ ಹೇಳಿದಾಗ ನಮ್ಮ ರೇಡಿಯೋ ಕೇಂದ್ರದ ಸಮಿತಿಯಲ್ಲಿ ಒಬ್ಬರೂ ಒಪ್ಪಲಿಲ್ಲ. ಇವತ್ತು ಕೇಂದ್ರದ ಕರೆಂಟ್ ಬಿಲ್ ಕಟ್ಟುತ್ತಿರುವುದು ಆ ಅರ್ಧ ಗಂಟೆಯೇ.

ನಮ್ಮದು 50 ವ್ಯಾಟ್‌ನ ಸಮುದಾಯ ರೇಡಿಯೋ, ಅಂದರೆ ಸುತ್ತಲಿನ ಊರವರಿಗಾಗಿ ನಡೆಸುವ ಚಿಕ್ಕ ಎಫ್‌ಎಂ ಕೇಂದ್ರ, 90.4. ಹತ್ತು ಹನ್ನೆರಡು ಕಿಲೋಮೀಟರ್ ಹೋಗುತ್ತದೆ, ಬೆಟ್ಟದ ಆ ಕಡೆಗೆ ಏನೂ ಇಲ್ಲ. ಸ್ವಂತ ಸುದ್ದಿ ಓದುವ ಹಾಗಿಲ್ಲ, ಆಕಾಶವಾಣಿ ಸುದ್ದಿಯನ್ನು ಇದ್ದ ಹಾಗೇ ಮರುಪ್ರಸಾರ ಮಾಡಬಹುದು.

ಮೊದಲ ನಾಲ್ಕೈದು ವರ್ಷ ನಾವು ಮಾಡಿದ್ದೆಲ್ಲ ನೀರಿಗೆ ಹೋಯಿತು. ಫೋನ್-ಇನ್ ಇಟ್ಟೆವು. ದಿನಾ ಅದೇ ಆರೇಳು ಜನ ಫೋನ್ ಮಾಡುತ್ತಿದ್ದರು, ಅದೇ ಹಾಡು ಕೇಳುತ್ತಿದ್ದರು. ಸಿನಿಮಾ ಹಾಡಿಗೆ ಹಕ್ಕಿನ ದುಡ್ಡು ಕಟ್ಟಬೇಕು, ಅದನ್ನು ಕಟ್ಟಲು ನಮ್ಮ ಹತ್ತಿರ ದುಡ್ಡಿಲ್ಲ. ಕೃಷಿ ತಜ್ಞರ ಭಾಷಣ ಹಾಕಿದೆವು. ವಿಷಯ ಒಳ್ಳೆಯದೇ, ಆದರೆ ಹದಿನೈದು ನಿಮಿಷ ಒಬ್ಬರೇ ಮಾತಾಡಿದರೆ ಹಸುಗೆ ಹುಲ್ಲು ಹಾಕುತ್ತಾ ಯಾರು ಕೇಳುತ್ತಾರೆ? ನಾಟಕ ಮಾಡಿದೆವು. ಕಲಾವಿದರ ಊಟ, ಬಸ್ ಚಾರ್ಜ್ ಸೇರಿ ಒಂದು ಕಂತಿಗೆ ಸಾವಿರದೈನೂರು ಹತ್ತಿರ ಆಗುತ್ತಿತ್ತು, ಎಂಟನೇ ಕಂತಿಗೆ ನಿಲ್ಲಿಸಬೇಕಾಯಿತು.

ಎಲ್ಲಕ್ಕಿಂತ ಜಾಸ್ತಿ ದುಡ್ಡು ತಿಂದಿದ್ದು ರೇಡಿಯೋ ಹಂಚುವ ಯೋಜನೆ. ಎಷ್ಟೋ ಹೊಸ ಫೋನ್‌ಗಳಲ್ಲಿ ಎಫ್‌ಎಂ ಇರಲ್ಲ, ಇದ್ದರೂ ಇಯರ್‌ಫೋನ್ ಸಿಕ್ಕಿಸಬೇಕು, ಎಷ್ಟೋ ಸಲ ಅದಕ್ಕೆ ತೂತೇ ಇರಲ್ಲ. 2023ರಲ್ಲಿ ಕೇಂದ್ರ ಸರ್ಕಾರ ಎಫ್‌ಎಂ ತೆಗೆಯಬೇಡಿ ಎಂದು ಫೋನ್ ಕಂಪನಿಗಳಿಗೆ ಸೂಚನೆ ಕೊಟ್ಟಿದ್ದು ನೆನಪಿರಬಹುದು. ನಮ್ಮ ಸಮಸ್ಯೆ ಅದಕ್ಕಿಂತ ಮುಂಚೆಯೇ ಶುರುವಾಗಿತ್ತು. ಅದಕ್ಕೆ ಒಂದಕ್ಕೆ ಮುನ್ನೂರು ರೂಪಾಯಿ ಲೆಕ್ಕದಲ್ಲಿ ಸುಮಾರು ನೂರು ಸೆಟ್ ತಂದು ಹಂಚಿದೆವು. ಎರಡು ತಿಂಗಳಾದ ಮೇಲೆ ಮನೆ ಮನೆಗೆ ಹೋಗಿ ನೋಡಿದೆ. ಮುಕ್ಕಾಲು ಪಾಲು ಸೆಟ್‌ಗಳಿಗೆ ಪೆನ್‌ಡ್ರೈವ್ ಹಾಕಿ ಹಾಡು ಕೇಳುತ್ತಿದ್ದರು. ಮೂವತ್ತು ಸಾವಿರ ಅಲ್ಲಿಗೇ ಹೋಯಿತು.

ಡೇರಿ ವಿಚಾರ ಹೊಳೆದದ್ದು ನಾನೇ ಹಾಲು ಹಾಕಲು ನಿಂತಾಗ. ನಮ್ಮ ಮನೆಯಲ್ಲಿ ಎರಡು ಹಸು ಇವೆ. ಸಾಲಿನಲ್ಲಿ ಇಪ್ಪತ್ತು ಮೂವತ್ತು ನಿಮಿಷ ನಿಲ್ಲಬೇಕು. ಅಲ್ಲಿ ಆಡದ ಮಾತೇ ಇಲ್ಲ. ಯಾರ ಹಸು ಮೂರು ಸಲ ಇಂಜೆಕ್ಷನ್ ಹಾಕಿಸಿದರೂ ಗಬ್ಬ ನಿಂತಿಲ್ಲ, ಯಾಕೆ ಈ ವಾರ ಹಾಲಿನಲ್ಲಿ ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಗಟ್ಟಿ ಅಂಶ) ಕಮ್ಮಿ ಬಂತು, ಯಾರ ಬೋರ್‌ವೆಲ್ ಸಾವಿರದ ಇನ್ನೂರು ಅಡಿ ಹೋದರೂ ಬರೀ ಧೂಳು ಬಂತು, ನಿನ್ನೆ ಮಂಡಿಯಲ್ಲಿ ಟೊಮೆಟೊ ಬಾಕ್ಸ್ ಎಷ್ಟಕ್ಕೆ ಹೋಯಿತು. ನಾವು ಸ್ಟುಡಿಯೋದಲ್ಲಿ ತಜ್ಞರನ್ನು ಕರೆಸಿ ಹೇಳಿಸಲು ಒದ್ದಾಡುತ್ತಿದ್ದ ವಿಷಯಗಳೇ ಅವು. ಇಲ್ಲಿ ಅವೇ ಜೀವ ತುಂಬಿಕೊಂಡು ಓಡಾಡುತ್ತಿದ್ದವು.

ಸಮಿತಿಯಲ್ಲಿ ಹೇಳಿದೆ. "ಹೆಂಗಸರ ಹರಟೆ ಕೇಳೋಕೆ ಯಾರಮ್ಮ ರೇಡಿಯೋ ಹಾಕ್ತಾರೆ?" ಅಂದರು ಒಬ್ಬ ಹಿರಿಯರು. ರೇಡಿಯೋದಲ್ಲೇ ಕೆಲಸ ಮಾಡಿ ನಿವೃತ್ತರಾದ ಇನ್ನೊಬ್ಬರು, "ಕ್ಯಾನ್ ಸದ್ದು, ಮೋಟರ್ ಸದ್ದು, ಇದನ್ನೆಲ್ಲ ಪ್ರಸಾರ ಮಾಡಿದ್ರೆ ಕೇಂದ್ರದ ಮರ್ಯಾದೆ ಏನಾಗುತ್ತೆ?" ಅಂದರು. 50 ವ್ಯಾಟ್‌ನಲ್ಲಿ ಆಗುವುದು ಇಷ್ಟೇ, ಇರುವುದನ್ನು ನಡೆಸಿಕೊಂಡು ಹೋಗೋಣ ಅನ್ನುವ ಮಾತೂ ಬಂತು. ಆಗ ನಾನು ಮೈಸೂರಿನ ಪ್ರೊ. ಎಂ.ವಿ. ಗೋಪಾಲಸ್ವಾಮಿಯವರ ಹೆಸರು ಹೇಳಿದೆ. 1935ರಲ್ಲಿ ಅವರು ತಮ್ಮ ಮನೆಯಲ್ಲೇ ಆಕಾಶವಾಣಿ ಶುರು ಮಾಡಿದಾಗ ಇದ್ದದ್ದು 30 ವ್ಯಾಟ್‌ನ ಟ್ರಾನ್ಸ್‌ಮಿಟರ್. ಮನಶ್ಶಾಸ್ತ್ರದ ಮೇಷ್ಟ್ರು ಅವರು. ಆಮೇಲೆ ಆ ಹೆಸರೇ ಇಡೀ ದೇಶದ ರೇಡಿಯೋಗೆ ಬಂತು. ನಮ್ಮ ಹತ್ತಿರ ಅವರಿಗಿಂತ 20 ವ್ಯಾಟ್ ಜಾಸ್ತಿಯೇ ಇದೆ ಅಂದೆ. ಮೂರು ತಿಂಗಳು ಅವಕಾಶ ಕೊಟ್ಟರು, ದುಡ್ಡು ಮಾತ್ರ ಕೊಡಲಿಲ್ಲ.

ಮೊದಲ ವಾರದ ರೆಕಾರ್ಡಿಂಗ್ ಒಂದೂ ಬಳಸುವ ಹಾಗಿರಲಿಲ್ಲ. ಮೈಕ್ ಕಂಡ ಕೂಡಲೇ ಸಾಲು ಪೂರ್ತಿ ಮೌನ. ಬಾಯಿ ಬಿಟ್ಟವರೂ "ಎಲ್ಲಾ ಕೇಳುಗ ಬಾಂಧವರಿಗೆ ನಮಸ್ಕಾರಗಳು" ಅಂತ ಭಾಷಣ ಶುರು ಮಾಡುತ್ತಿದ್ದರು. ಮೇಲಿಂದ ಹಾಲು ತಣ್ಣಗೆ ಮಾಡುವ ಕೂಲರ್‌ನ ಗುಂಯ್ ಸದ್ದು. ಹಾಗಾಗಿ ರೇಡಿಯೋದವಳಾಗಿ ಹೋಗುವುದನ್ನೇ ಬಿಟ್ಟೆ. ನನ್ನ ಕ್ಯಾನ್ ಹಿಡಿದು ಸಾಲಿನಲ್ಲಿ ನನ್ನ ಸರದಿಗೆ ನಿಂತೆ. ಅಂಗೈಯಲ್ಲಿ ಹಿಡಿಯುವ ಚಿಕ್ಕ ರೆಕಾರ್ಡರ್ ಸೆರಗಿನ ಹತ್ತಿರ ಇರುತ್ತಿತ್ತು. ಕದ್ದು ಮಾಡಿದ್ದಲ್ಲ, ಎಲ್ಲರಿಗೂ ತೋರಿಸಿ, ಹೇಳಿಯೇ ಹಿಡಿಯುತ್ತಿದ್ದೆ. ಮಾತು ಮುಗಿದ ಮೇಲೆ "ಇದು ಹಾಕ್ಲಾ?" ಅಂತ ಇನ್ನೊಂದು ಸಲ ಕೇಳುತ್ತಿದ್ದೆ. ಬೇಡ ಅಂದರೆ ಅವರ ಎದುರೇ ಅಳಿಸುತ್ತಿದ್ದೆ. ಈ ಎರಡನೇ ಸಲ ಕೇಳುವುದನ್ನು ಯಾರೂ ಬಿಡಬೇಡಿ. ನಂಬಿಕೆ ಬಂದದ್ದೇ ಅದರಿಂದ.

ಸಾಲಿನಲ್ಲಿ ಮೊದಲ ಮಾತು ಎಳೆಯಲು ನಾನು ಒಂದೇ ಒಂದು ಪ್ರಶ್ನೆ ಕೇಳುತ್ತೇನೆ. ಹತ್ತರಲ್ಲಿ ಒಂಬತ್ತು ಸಲ ಅದಕ್ಕೆ ಸಾಲು ಪೂರ್ತಿ ಮಾತಿಗಿಳಿಯುತ್ತದೆ. ಅದನ್ನು ಇಲ್ಲಿ ಬರೆಯಲ್ಲ. ಪಕ್ಕದ ತಾಲೂಕಿನ ಕೇಂದ್ರದವರು ಎರಡು ಸಲ ಬಂದು ಕೇಳಿದರು, ಅವರಿಗೂ ಹೇಳಿಲ್ಲ.

ಸದ್ದಿನ ವಿಚಾರ. ರೆಕಾರ್ಡರ್ ಬಾಯಿಯಿಂದ ನಾಲ್ಕು ಬೆರಳು ದೂರ ಇರಬೇಕು, ಬಾಯಿಗೆ ಎದುರಾಗಿ ಅಲ್ಲ, ಸ್ವಲ್ಪ ಪಕ್ಕಕ್ಕೆ. ಕೂಲರ್ ಕಡೆಗೆ ನನ್ನ ಬೆನ್ನು. ಸಂಜೆ ಗಾಳಿಗೆ ಅಂಗಡಿಯಲ್ಲಿ ಸಿಗುವ ಮೈಕ್‌ನ ಫೋಮ್ ಟೋಪಿ ಏನೇನೂ ಸಾಲಲ್ಲ. ಸಂತೆಯಲ್ಲಿ ನಲವತ್ತು ರೂಪಾಯಿಗೆ ಮಗುವಿನ ಉಣ್ಣೆ ಕುಲಾವಿ ತಂದೆ. ಫೋಮ್ ಮೇಲೆ ಅದನ್ನು ತೊಡಿಸಿದರೆ ಗಾಳಿ ಸದ್ದು ಮುಕ್ಕಾಲು ಹೋಗುತ್ತದೆ. ಸಾಲಿನವರಿಗೂ ಅದನ್ನು ಕಂಡರೆ ನಗು, ಮೈಕ್ ಭಯವೂ ಅಲ್ಲೇ ಅರ್ಧ ಹೋಯಿತು. ಕಂಪ್ಯೂಟರಿನಲ್ಲಿ ಸದ್ದು ಎಡಿಟ್ ಮಾಡುವ ಆಡಾಸಿಟಿ ಸಾಫ್ಟ್‌ವೇರಿನಲ್ಲಿ 100ರಿಂದ 120 ಹರ್ಟ್ಸ್ ಕೆಳಗಿನ ದಪ್ಪ ಸದ್ದನ್ನು ಕತ್ತರಿಸುತ್ತೇನೆ. ಉಳಿದ ಗುಂಯ್ ತೆಗೆಯುವುದಕ್ಕೆ ನನ್ನದೇ ಲೆಕ್ಕ ಒಂದಿದೆ, ಅದು ನನ್ನ ಹತ್ತಿರವೇ ಇರಲಿ. ಕ್ಯಾನ್ ಸದ್ದನ್ನು ಮಾತ್ರ ತೆಗೆಯಲ್ಲ. ಅದು ಕೇಳಿಸಿದರೇನೇ ಜನ ಇದು ನಮ್ಮ ಡೇರಿ ಅಂತ ಕಿವಿ ಕೊಡುತ್ತಾರೆ.

ಇನ್ನರ್ಧ ಕೆಲಸ ಕೇಳಿಸುವುದು. ಡೇರಿ ಕಾರ್ಯದರ್ಶಿಯವರು ಮೊದಲು ಒಪ್ಪಲಿಲ್ಲ, ಟೆಸ್ಟ್ ಮಾಡುವಾಗ ಗಲಾಟೆ ಆಗುತ್ತೆ ಅಂದರು. ಅವರ ಸ್ವಂತ ಹಸು ಈದ ಸುದ್ದಿಯನ್ನು ಅವರ ಬಾಯಲ್ಲೇ ರೆಕಾರ್ಡ್ ಮಾಡಿದ ಮೇಲೆ ಮೆತ್ತಗಾದರು. ಎಫ್‌ಎಂ ಇರುವ ಒಂದು ಸ್ಪೀಕರ್ ಬಾಕ್ಸ್ ತಂದೆವು, ಮೂರೂವರೆ ಸಾವಿರ ಅಂತ ನೆನಪು. ಡೇರಿಯದು ಶೀಟ್ ಮನೆ, ಒಳಗೆ ಬರೀ ಕರಕರ. ತಾಮ್ರದ ತಂತಿಯನ್ನು ಸುಮಾರು 80 ಸೆಂ.ಮೀ. ಉದ್ದಕ್ಕೆ ಕತ್ತರಿಸಿ, ಕಿಟಕಿಯ ಹೊರಗೆ ಪಿವಿಸಿ ಪೈಪಿನೊಳಗೆ ನೆಟ್ಟಗೆ ನಿಲ್ಲಿಸಿ, ಅಲ್ಲಿಂದ ವೈರ್ ಎಳೆದೆವು. ನೀರಿನ ಹಾಗೆ ತಿಳಿಯಾಯಿತು. ತಂತಿ ಉದ್ದ ಅಂದಾಜಿಗೆ ಬಿಟ್ಟರೆ ಆಗಲ್ಲ, ನಿಮ್ಮ ಫ್ರೀಕ್ವೆನ್ಸಿಗೆ ಲೆಕ್ಕ ಹಾಕಿ ಕತ್ತರಿಸಿ.

ಬೆಳಿಗ್ಗೆ ಆರೂವರೆಗೆ ಪ್ರಸಾರ. ಮೊದಲ ದಿನ ನಾನು ಸ್ಟುಡಿಯೋಗೆ ಹೋಗಲಿಲ್ಲ, ಡೇರಿಯಲ್ಲೇ ನಿಂತೆ. ಬಾಕ್ಸಿನಿಂದ ಹಿಂದಿನ ಸಂಜೆಯ ಮಾತು ಬಂತು. ಹಾಲು ಸುರಿಯುತ್ತಿದ್ದ ಒಬ್ಬರು ಕ್ಯಾನ್ ಅಲ್ಲೇ ಇಟ್ಟು, "ಅಯ್ಯೋ, ಇದು ನನ್ ದನಿ ಕಣಕ್ಕಾ!" ಅಂದರು. ಆಮೇಲೆ ಚೀಟಿ ತಗೊಂಡರೂ ಹೋಗಲಿಲ್ಲ. ಅವರ ಹಿಂದಿನವರೂ ಹೋಗಲಿಲ್ಲ. ಏಳು ಗಂಟೆಗೆ ಡೇರಿ ಮುಂದೆ ನಲವತ್ತು ಜನ ಖಾಲಿ ಕ್ಯಾನ್ ಹಿಡಿದು ನಿಂತಿದ್ದರು. ಮಕ್ಕಳನ್ನು ಸ್ಕೂಲಿಗೆ ಕಳಿಸಬೇಕಾದ ಹೊತ್ತದು. ಇಷ್ಟು ವರ್ಷದಲ್ಲಿ ನನ್ನ ಕೇಳುಗರನ್ನು ಒಂದೇ ಕಡೆ ಕಣ್ಣಾರೆ ನೋಡಿದ್ದು ಅವತ್ತೇ.

ಸಾಲಿಗೆ ಬರದವರಿಗೆ ಆಸೆ ಹುಟ್ಟಿತು. ಸಂಜೆ ಏಳೂವರೆಗೆ ಮರುಪ್ರಸಾರ ಇಟ್ಟೆವು. ಹಂಚಿದ್ದ ಆ ಮುನ್ನೂರು ರೂಪಾಯಿ ಸೆಟ್‌ಗಳು ಈಗ ಎಫ್‌ಎಂಗೆ ತಿರುಗಿದವು.

ಇದರ ಬೆಲೆ ಪೂರ್ತಿ ಗೊತ್ತಾಗಿದ್ದು 2022ರಲ್ಲಿ, ಚರ್ಮಗಂಟು ರೋಗ ಬಂದಾಗ. ಯಾವ ಊರಲ್ಲಿ ಹಸು ಮೈಮೇಲೆ ಗಂಟು ಎದ್ದಿದೆ ಅನ್ನುವುದು ಮೊದಲು ಗೊತ್ತಾಗುತ್ತಿದ್ದದ್ದು ಡೇರಿ ಸಾಲಿನಲ್ಲಿ. ಒಬ್ಬರು ವೀಳ್ಯದೆಲೆ, ಮೆಣಸು, ಉಪ್ಪು ಅರೆದು ಬೆಲ್ಲದ ಜೊತೆ ತಿನ್ನಿಸುವುದನ್ನು ಹೇಳಿದರು. ಅದನ್ನು ಹಾಗೇ ಹಾಕಲಿಲ್ಲ. ಪಶುವೈದ್ಯರಿಗೆ ಕೇಳಿಸಿ, ಲಸಿಕೆ ಹಾಕಿಸಿ, ರೋಗ ಬಂದ ಹಸುವನ್ನು ಬೇರೆ ಕಟ್ಟಿ, ಸೊಳ್ಳೆ ನೊಣ ಬರದ ಹಾಗೆ ನೋಡಿಕೊಳ್ಳಿ ಅನ್ನುವ ಅವರ ಮಾತು ಸೇರಿಸಿ ಹಾಕಿದೆವು. ಅದೇ ತಜ್ಞರ ಮಾತನ್ನು ಭಾಷಣವಾಗಿ ಹಾಕಿದ್ದಾಗ ಕೇಳದ ಜನ ಈಗ ಅವರನ್ನೇ ಡೇರಿಗೆ ಕರೆಸಿ ಅಂದರು.

ದುಡ್ಡಿನ ಲೆಕ್ಕಕ್ಕೆ ಬರುತ್ತೇನೆ. 2024ರ ಹೊಸ ನಿಯಮದಲ್ಲಿ ಗಂಟೆಗೆ 12 ನಿಮಿಷ ಜಾಹೀರಾತು ಹಾಕಬಹುದು, ಮೊದಲು 7 ಇತ್ತು. ಸರ್ಕಾರ ತನ್ನ ಜಾಹೀರಾತಿಗೆ ಕೊಡುವ ದರವೂ 10 ಸೆಕೆಂಡಿಗೆ 52ರಿಂದ 74 ರೂಪಾಯಿಗೆ ಏರಿತು. ಕೇಳಲು ಚೆನ್ನಾಗಿದೆ. ಆದರೆ ನಮಗೆ ಬರಬೇಕಾದ ಬಿಲ್ ಒಂದು ಎಂಟು ತಿಂಗಳು ಎಲ್ಲೋ ಕೂತಿತ್ತು, ಅಷ್ಟರಲ್ಲಿ ಕೇಂದ್ರದಲ್ಲಿ ಕೆಲಸ ಮಾಡುವ ಹುಡುಗನ ಸಂಬಳ ಎರಡು ಸಲ ಸಾಲ ಮಾಡಿ ಕೊಟ್ಟೆವು. ನಮ್ಮನ್ನು ಕೈ ಹಿಡಿದದ್ದು ಫೀಡ್ ಅಂಗಡಿ, ಹಾಲು ಕರೆಯುವ ಮೆಷಿನ್ ರಿಪೇರಿಯವರು, ಟೊಮೆಟೊ ನರ್ಸರಿ, ಡ್ರಿಪ್ ಪೈಪಿನವರು. ತಿಂಗಳಿಗೆ ಒಬ್ಬೊಬ್ಬರು ಸಾವಿರದೈನೂರು. ಇಂಥವರೆಲ್ಲ ಸೇರಿ ಹದಿನೆಂಟು ಇಪ್ಪತ್ತು ಸಾವಿರ ಬರುತ್ತದೆ. ಕರೆಂಟ್‌ಗೆ ಐದಾರು ಸಾವಿರ ಹೋಗುತ್ತದೆ. ಡೇರಿಯಲ್ಲಿ ಹಾಲಿನ ಬಟವಾಡೆ ಆಗುವ ದಿನ ಜಾಹೀರಾತಿಗೆ ಸ್ವಲ್ಪ ಜಾಸ್ತಿ ಕೇಳುತ್ತೇನೆ, ಖುಷಿಯಾಗಿ ಕೊಡುತ್ತಾರೆ. ಅವತ್ತು ಸಾಲಿನಲ್ಲಿರುವ ಎಲ್ಲರ ಕೈಯಲ್ಲೂ ದುಡ್ಡಿರುತ್ತದಲ್ವಾ.

ಕಷ್ಟ ಬಂದದ್ದು ಸಿಡಿಲಿನಿಂದ. ಒಂದು ಏಪ್ರಿಲ್ ಮಳೆಗೆ ಟವರ್ ಮೂಲಕ ಬಂದು ಟ್ರಾನ್ಸ್‌ಮಿಟರಿನ ಒಂದು ಬೋರ್ಡ್ ಸುಟ್ಟಿತು. ರಿಪೇರಿಗೆ ನಲವತ್ತು ಸಾವಿರದ ಮೇಲಾಯಿತು, ಮೂರು ವಾರ ನಾವು ಗಾಳಿಯಲ್ಲೇ ಇರಲಿಲ್ಲ. ಆ ಮೂರು ವಾರವೂ ಡೇರಿಗೆ ಪೆನ್‌ಡ್ರೈವ್‌ನಲ್ಲಿ ಕಾರ್ಯಕ್ರಮ ತಗೊಂಡು ಹೋಗಿ ಹಾಕಿದೆ. ಈಗ ಟವರಿಗೇ ಬೇರೆ ಅರ್ಥಿಂಗ್ ಗುಂಡಿ ಇದೆ. ಇದ್ದಿಲು, ಉಪ್ಪು ತುಂಬಿಸಿದ್ದೇವೆ, ಬೇಸಿಗೆಯಲ್ಲಿ ವಾರಕ್ಕೊಮ್ಮೆ ನೀರು ಬಿಡುತ್ತೇವೆ. ಗುಡುಗು ಶುರುವಾದರೆ ಬಂದ್ ಮಾಡಿ ವೈರ್ ಕಿತ್ತಿಡುತ್ತೇವೆ.

ಮಧ್ಯೆ ಬೇರೆ ಪ್ರಯೋಗಗಳೂ ನಡೆದವು. ಸ್ಟುಡಿಯೋ ಗೋಡೆಗೆ ಮೊಟ್ಟೆ ಟ್ರೇ ಹೊಡೆದಿದ್ದೆವು. ಅದರಿಂದ ಪ್ರಯೋಜನ ಇಲ್ಲ, ಇಲಿ ಬರುತ್ತದೆ ಅಷ್ಟೇ. ಕುರಿ ಉಣ್ಣೆ ಕಂಬಳಿಯನ್ನು ಗೋಡೆಯಿಂದ ಮೂರು ನಾಲ್ಕು ಬೆರಳು ಬಿಟ್ಟು ತೂಗು ಹಾಕಿದೆವು, ದನಿ ತಕ್ಷಣ ತುಂಬಿಕೊಂಡಿತು. ತ್ರೀ ಫೇಸ್ ಕರೆಂಟ್ ಯಾವಾಗ ಬರುತ್ತೆ ಅಂತ ಹೇಳುವುದನ್ನೂ ಶುರು ಮಾಡಿದೆವು. ಜನ ಕಾದು ಕೇಳುತ್ತಿದ್ದರು. ಆದರೆ ಟೈಮ್ ಬದಲಾದರೆ ನಮಗೇ ಬೈಗುಳ, ಬಿಟ್ಟೆವು. ಭಾಷೆಯ ವಿಚಾರವಾಗಿ ಜಗಳವೇ ಆಯಿತು. ನಮ್ಮ ಕಡೆ ಅರ್ಧ ಮನೆಗಳಲ್ಲಿ ತೆಲುಗು, ಸಾಲಿನಲ್ಲಿ ಎರಡೂ ಬೆರೆತೇ ಬರುತ್ತದೆ. ನಾನು ಕತ್ತರಿಸಲಿಲ್ಲ. ಊರವರು ಹೇಗೆ ಮಾತಾಡುತ್ತಾರೋ ಹಾಗೆ ಕೇಳಿಸುವುದಕ್ಕೇ ಅಲ್ವಾ ಈ ರೇಡಿಯೋ ಇರುವುದು?

ನನಗೆ ಬಹಳ ಇಷ್ಟವಾದದ್ದು ಬೀಸುವ ಪದದ ರೆಕಾರ್ಡಿಂಗ್. ಡೇರಿಯಲ್ಲಿ ಸಿಕ್ಕ ಒಬ್ಬ ಅಜ್ಜಿಗೆ ಪದ ಗೊತ್ತು ಅಂತ ಮನೆಗೆ ಹೋದೆ. ಎರಡು ಸಾಲು ಹೇಳಿ, "ಮುಂದಕ್ಕೆ ಬರ್ತಿಲ್ಲ ಕಣಮ್ಮ" ಅಂದರು. ಹಿತ್ತಲಲ್ಲಿ ಬೀಸುವ ಕಲ್ಲು ಬಿದ್ದಿತ್ತು. ಅವರ ಮೊಮ್ಮಗನೂ ನಾನೂ ಸೇರಿ ಎತ್ತಿ ತಂದು, ತೊಳೆದು ಗೂಟ ಹಾಕಿ ಮುಂದಿಟ್ಟೆವು. ರಾಗಿ ಹಾಕದೆ ಸುಮ್ನೆ ತಿರುಗಿಸತೊಡಗಿದರು. ಮೂರು ಸುತ್ತು ಆದ ಮೇಲೆ ಪದ ಬಂತು. ಆಮೇಲೆ ನಿಲ್ಲಲೇ ಇಲ್ಲ, ಮುಕ್ಕಾಲು ಗಂಟೆ. ತೋಳು ನೆನಪಿಟ್ಟುಕೊಂಡಿದ್ದನ್ನು ಬಾಯಿ ಮರೆತಿತ್ತು. ಹಾಡು ಹಿಡಿಯಲು ಹೋಗುವವರು ಕೆಲಸದ ಸಾಮಾನನ್ನೂ ಹುಡುಕಿಕೊಂಡು ಹೋಗಿ.

ಊರಲ್ಲಿ ನನ್ನನ್ನು ಈಗ ರೇಡಿಯೋ ಅಕ್ಕ ಅನ್ನುತ್ತಾರೆ. ಮದುವೆಯಾಗಿ ಬಂದ ಹೊಸದರಲ್ಲಿ ನನ್ನ ದನಿ ಜೋರು ಅಂತ ಅತ್ತೆ ದಿನಾ ಬೇಜಾರು ಮಾಡಿಕೊಳ್ಳುತ್ತಿದ್ದರು. ಈಗ ಏಳೂವರೆಗೆ ಟಿವಿ ಆರಿಸಿ ರೇಡಿಯೋ ಹಾಕುವವರು ಅವರೇ. ಕಾರ್ಯಕ್ರಮದಲ್ಲಿ ನನ್ನ ಮಾತು ಅರ್ಧ ಗಂಟೆಯಲ್ಲಿ ಮೂರು ನಿಮಿಷ ಇದ್ದರೆ ಜಾಸ್ತಿ. ಹೊಸದಾಗಿ ಬರುವ ಹುಡುಗಿಯರಿಗೆ ನಾನು ಮೊದಲು ಕಲಿಸುವುದು ಇದನ್ನೇ. ಎದುರಿನವರು ಮಾತು ನಿಲ್ಲಿಸಿದಾಗ ನೀವು ಬಾಯಿ ಹಾಕಬೇಡಿ, ಐದು ಎಣಿಸಿ. ಅಸಲಿ ಮಾತು ಆ ಐದರ ಆಮೇಲೆ ಬರುತ್ತದೆ.

ಈಗ ಮೂರು ಡೇರಿಗಳಲ್ಲಿ ನಡೆಯುತ್ತಿದೆ. ನಾಲ್ಕನೆಯದಕ್ಕೆ ಸ್ಪೀಕರ್ ಕೊಡಿಸುತ್ತೇನೆ ಅಂತ ಫೀಡ್ ಅಂಗಡಿಯವರೇ ಹೇಳಿದ್ದಾರೆ. ಮುಂದಿನ ಪ್ರಯೋಗ ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ. ಜಾಲರಿಯಲ್ಲಿ ಗೂಡು ಸುರಿದು ರೈತರು ಹರಾಜಿಗೆ ಗಂಟೆಗಟ್ಟಲೆ ಕಾಯುತ್ತಾರೆ, ಅಲ್ಲಿ ಮಾತಿಗೆ ಬರ ಇಲ್ಲ. ಅನುಮತಿಗೆ ಅರ್ಜಿ ಕೊಟ್ಟಿದ್ದೇನೆ. ಸಮಿತಿಯವರು ಈ ಸಲ ಏನೂ ಕೇಳದೆ ಸಹಿ ಹಾಕಿದರು.