ಟೊಮೆಟೊಗೆ ಯೂರಿಯಾ: ಎಷ್ಟು, ಯಾವಾಗ, ಹೇಗೆ?

ಕೋಲಾರದ ಕಡೆಯ ತೋಟಗಳಲ್ಲಿ ಇದನ್ನು ಮತ್ತೆ ಮತ್ತೆ ನೋಡುತ್ತೇನೆ. ಗಿಡ ಎದೆಮಟ್ಟ, ಎಲೆ ಕಡುಹಸಿರು, ಆದರೆ ಹೂವು ನಿಲ್ಲುವುದಿಲ್ಲ. ನಿಂತ ಹಣ್ಣೂ ಮೆತ್ತಗಾಗಿ, ಕ್ರೇಟಿನಲ್ಲೇ ಒಡೆಯುತ್ತದೆ. ಎಲೆ ಹಸಿರಾದಷ್ಟೂ ಫಸಲು ಹೆಚ್ಚೆಂದು ಯೂರಿಯಾ ಸುರಿದರೆ ಆಗುವುದು ಹೀಗೆಯೇ.

ಮೊದಲು ಮಣ್ಣು ಪರೀಕ್ಷೆ ಮಾಡಿಸಿ. ಕೊಟ್ಟಿಗೆ ಗೊಬ್ಬರ ಚೆನ್ನಾಗಿ ಕಳಿತಿರಲಿ. ಕೋಳಿ ಗೊಬ್ಬರ ಹಾಕಿದ್ದರೆ ಯೂರಿಯಾ ಕಡಿಮೆ ಮಾಡಿ, ಅದರಲ್ಲೂ ಸಾರಜನಕ ಧಾರಾಳವಾಗಿದೆ.

ಆಮೇಲೆ ಲೆಕ್ಕ. ಎಕರೆಗೆ 60 ಕೆ.ಜಿ. ಸಾರಜನಕ ಬೇಕೆಂದು ಪರೀಕ್ಷೆಯ ಚೀಟಿ ಹೇಳಿತು ಎನ್ನಿ. ನಾಟಿಗೆ ಮುಂಚೆ ಹಾಕುವ 50 ಕೆ.ಜಿ.ಯ ಎರಡು ಮೂಟೆ ಡಿಎಪಿಯಲ್ಲೇ (ಸಾರಜನಕ, ರಂಜಕ ಎರಡೂ ಇರುವ ಗೊಬ್ಬರ) 18 ಕೆ.ಜಿ. ಸಾರಜನಕ ಬಂತು. ಯೂರಿಯಾದಲ್ಲಿ ಶೇ 46ರಷ್ಟು ಸಾರಜನಕ. 45 ಕೆ.ಜಿ.ಯ ಎರಡು ಮೂಟೆಗೆ ಉಳಿದದ್ದು ಸರಿಹೋಯಿತು. ಮೂರನೆಯ ಮೂಟೆ ಬೇಡ.

ಎಡವುವುದು ನಾಟಿಯ ನಂತರ ಹಾಕುವ ಮೇಲುಗೊಬ್ಬರದಲ್ಲಿ. ಯೂರಿಯಾವನ್ನು ತೇವದ ಮಣ್ಣಿನ ಮೇಲೆ ಎರಚಿ ಬಿಸಿಲಿಗೆ ಬಿಟ್ಟರೆ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ಮೂಗಿಗೆ ಘಾಟು ಬಡಿದರೆ ನಿಮ್ಮ ದುಡ್ಡೇ ಹಾರುತ್ತಿದೆ ಎಂದರ್ಥ. ಬುಡದಿಂದ ನಾಲ್ಕೈದು ಬೆರಳು ದೂರದಲ್ಲಿ ಎರಡು ಅಂಗುಲ ಆಳದ ಗೀರು ತೆಗೆಯಿರಿ, ಅದರಲ್ಲಿ ಹಾಕಿ ಮಣ್ಣು ಮುಚ್ಚಿ, ನೀರು ಹದವಾಗಿ ಕೊಡಿ. ಕಾಂಡಕ್ಕೆ ತಾಗಿದರೆ ಸುಡುತ್ತದೆ. ನೀರು ಹೆಚ್ಚಾಗಿ ಹಾಯಿಸಿದರೂ ನಷ್ಟವೇ: ಮಣ್ಣಿನೊಳಗೆ ಯೂರಿಯಾ ಕೊನೆಗೆ ನೈಟ್ರೇಟ್ ಆಗುತ್ತದೆ, ನೈಟ್ರೇಟ್ ಮಣ್ಣಿಗೆ ಅಂಟುವುದಿಲ್ಲ. ಮರಳು ಮಿಶ್ರಿತ ಕೆಮ್ಮಣ್ಣಿನಲ್ಲಿ ಅದು ಬೇರನ್ನು ದಾಟಿ ಕೆಳಗಿಳಿದು ಬೋರಿನ ನೀರು ಸೇರುತ್ತದೆ. ಮೋಡ ಕವಿದ ದಿನ ಗೊಬ್ಬರ ಹಾಕುವ ಅವಸರ ಬೇಡ, ಜೋರು ಮಳೆಗೆ ಎಲ್ಲವೂ ತೊಳೆದುಹೋಗುತ್ತದೆ.

ಎರಡು ಮೂಟೆಯನ್ನು ಒಂದೇ ಸಲ ಮುಗಿಸಬೇಡಿ. ನಾಟಿಯಾದ 20ನೇ ದಿನ 30 ಕೆ.ಜಿ., 40ಕ್ಕೆ 35, 60ಕ್ಕೆ ಉಳಿದ 25. ನಾನು ನೆಚ್ಚಿದ ಕ್ರಮ ಇದು. ಕೆಳಗಿನ ಹಳೆಯ ಎಲೆಗಳು ಮೊದಲು ಹಳದಿಯಾದರೆ ಸಾರಜನಕದ ಕೊರತೆಯನ್ನು ಶಂಕಿಸಿ. ಚಿಗುರೆಲೆ ಹಳದಿಯಾದರೆ ಕಾರಣ ಬೇರೆ, ಆಗ ಯೂರಿಯಾ ಮುಟ್ಟಬೇಡಿ. ಕಾಯಿಯ ತುದಿ ಕಪ್ಪಾಗಿ ಕೊಳೆಯುತ್ತಿದ್ದರೂ ಮುಟ್ಟಬೇಡಿ. ಅದು ಕಾಯಿಗೆ ಕ್ಯಾಲ್ಸಿಯಂ ತಲುಪದ ಗುರುತು, ಯೂರಿಯಾದಿಂದ ಮಣ್ಣಿನಲ್ಲಿ ಬರುವ ಅಮೋನಿಯಂ ಹೆಚ್ಚಾದಷ್ಟೂ ಕ್ಯಾಲ್ಸಿಯಂ ಹೀರಿಕೆ ಕುಗ್ಗುತ್ತದೆ. ನೀರನ್ನೂ ಒಂದೇ ಸಮ ಕೊಡಿ.

ಅಂಗಡಿಯಲ್ಲಿ ‘ಗ್ರೋತ್’ ಬಾಟಲಿ ಕೈಗಿಟ್ಟರೆ, ಸಾರಜನಕ ಶೇಕಡಾ ಎಷ್ಟೆಂದು ಚೀಟಿಯಲ್ಲಿ ಓದಿ. ಬರೆದಿಲ್ಲವೇ, ಹಿಂತಿರುಗಿಸಿ.

ಡ್ರಿಪ್ ಇದ್ದವರು ಇದೇ ಪ್ರಮಾಣವನ್ನು ವಾರವಾರ ಹಂಚಿ ಬಿಡಿ. ಮೊದಲು ಬರಿ ನೀರು, ನಡುವೆ ಗೊಬ್ಬರ, ಕೊನೆಗೆ ಪೈಪು ತೊಳೆಯುವಷ್ಟು ಮತ್ತೆ ಬರಿ ನೀರು. ಕ್ಯಾಲ್ಸಿಯಂ ನೈಟ್ರೇಟನ್ನು ಸಲ್ಫೇಟ್, ಫಾಸ್ಫೇಟ್ ಗೊಬ್ಬರಗಳ ಜೊತೆ ಒಂದೇ ಡ್ರಮ್ಮಿನಲ್ಲಿ ಕಲಸಬೇಡಿ. ಸುಣ್ಣದಂತೆ ಗಷ್ಟು ಕಟ್ಟಿ ಡ್ರಿಪ್ಪರ್ ಮುಚ್ಚಿಹೋಗುತ್ತವೆ. ಕಾಯಿ ದಪ್ಪವಾಗುವ ಹೊತ್ತಿಗೆ ಯೂರಿಯಾ ಇಳಿಸಿ, ಪೊಟ್ಯಾಷ್ ಹೆಚ್ಚಿರುವ 13:0:45ಕ್ಕೆ (ಪೊಟ್ಯಾಸಿಯಂ ನೈಟ್ರೇಟ್) ಬನ್ನಿ.