ಘಟ್ಟದ ಮೇಲಿನವಳು ಚಳಿಗಾಲದಲ್ಲಿ ಸ್ಕೂಬಾ ಕೋರ್ಸ್ ಮುಗಿಸಿದ್ದು

ಜನವರಿಯ ಒಂದು ಸಂಜೆ ಬೆಳಗಾವಿಯ ಮನೆಯಲ್ಲಿ ಸ್ವೆಟರ್ ಹಾಕಿಕೊಂಡು, ಬ್ಯಾಗಿಗೆ ಈಜುವ ಬಟ್ಟೆ ತುಂಬುತ್ತಿದ್ದೆ. ಅವ್ವ ಬಾಗಿಲಲ್ಲಿ ನಿಂತು ಕೇಳಿದಳು: “ಇಷ್ಟ್ ಥಂಡ್ಯಾಗ ಸಮುದ್ರದಾಗ ಮುಳಗಾಕ ಹೊಂಟೀಯಲ್ಲವಾ, ಬ್ಯಾಸಿಗಿ ತನಕಾ ತಡಿಯಾಕ ಆಗೂದಿಲ್ಲೇನ?”

ತಡೆಯಬಹುದಿತ್ತು. ಆದರೆ ಆಗಲೇ ಒಮ್ಮೆ ತಡೆದು ಆಗಿತ್ತು. ಬೆನ್ನಿಗೆ ಗಾಳಿಯ ಟ್ಯಾಂಕ್ ಕಟ್ಟಿಕೊಂಡು ನೀರಿನಡಿ ಇಳಿಯುವುದನ್ನು ಹೊಸಬರಿಗೆ ಕಲಿಸುವ ಕೋರ್ಸ್ ಇದು, ಪ್ಯಾಡಿ ಎಂಬ ಡೈವಿಂಗ್ ಸಂಸ್ಥೆಯ ಓಪನ್ ವಾಟರ್ ಕೋರ್ಸ್. ಅದರ ಪಾಠ ಮತ್ತು ಪೂಲಿನ ಭಾಗ ಅಕ್ಟೋಬರ್‌ನಲ್ಲೇ ಪುಣೆಯಲ್ಲಿ ಮುಗಿದಿತ್ತು. ಕಾಕಾನ ಮನೆಯಲ್ಲಿ ಉಳಿದು, ಎರಡು ವಾರಾಂತ್ಯ ರಾತ್ರಿ ಬಸ್ಸಿನಲ್ಲಿ ಓಡಾಡಿ ಮುಗಿಸಿದ್ದೆ. ಉಳಿದಿದ್ದು ಸಮುದ್ರದಲ್ಲಿ ಮಾಡಬೇಕಾದ ನಾಲ್ಕು ಡೈವ್. ಅವನ್ನು ಬೇರೆ ಊರಿನಲ್ಲಿ, ಬೇರೆ ಇನ್‌ಸ್ಟ್ರಕ್ಟರ್ ಹತ್ತಿರ ಮುಗಿಸಬಹುದು. ಅದಕ್ಕೆ ಪೂಲಿನವರು ರೆಫರಲ್ ಅಂತ ಒಂದು ಕಾಗದ ಕೊಡುತ್ತಾರೆ, ಅದು 12 ತಿಂಗಳು ನಡೆಯುತ್ತದೆ. ನವೆಂಬರ್‌ಗೆ ಬುಕ್ ಮಾಡಿದ್ದೆ, ಹೊರಡುವ ಹಿಂದಿನ ದಿನ ನೆಗಡಿ ಬಂತು. ಹೋಗಲಿಲ್ಲ.

ನೆಗಡಿ ಅಷ್ಟು ದೊಡ್ಡ ಕಾರಣವಾ ಅಂತ ತುಂಬಾ ಜನ ಕೇಳಿದರು. ಹೌದು, ದೊಡ್ಡದೇ. ಕೆಳಗೆ ಇಳಿಯುವಾಗ ಹೊರಗಿನ ಒತ್ತಡಕ್ಕೆ ಸಮನಾಗಿ ಕಿವಿಯೊಳಗೂ ಗಾಳಿ ಹೋಗಬೇಕು, ಅದಕ್ಕೆ ಮೂಗು ಹಿಡಿದು ಮೆಲ್ಲಗೆ ಊದುತ್ತೇವೆ. ಮೂಗು ಕಟ್ಟಿದ್ದರೆ ಆ ದಾರಿಯೇ ಮುಚ್ಚಿರುತ್ತದೆ. ಮೂಗು ಬಿಡಿಸುವ ಮಾತ್ರೆ ನುಂಗಿ ಇಳಿಯುವುದು ಇನ್ನೂ ಕೆಟ್ಟದ್ದು, ಯಾಕೆಂದರೆ ನೀರಿನ ಅಡಿಯಲ್ಲಿದ್ದಾಗ ಮಾತ್ರೆಯ ಬಲ ಇಳಿದರೆ ಮೇಲೆ ಬರುವಾಗ ಗಾಳಿ ಒಳಗೇ ಸಿಕ್ಕಿಕೊಳ್ಳುತ್ತದೆ. ಚಳಿಗಾಲದಲ್ಲಿ ಡೈವ್ ಮಾಡುವವರಿಗೆ ನೀರಿನ ಚಳಿಗಿಂತ ಊರಿನ ಚಳಿಯೇ ದೊಡ್ಡ ಅಡ್ಡಿ. ಎರಡನೇ ಸಲ ಹೋಗುವ ಮುಂಚೆ ಹತ್ತು ದಿನ ಬೆಳಗಿನ ಈಜು ಬಿಟ್ಟು ಮಧ್ಯಾಹ್ನ ಈಜಿದೆ, ರಾತ್ರಿ ಗಾಡಿ ಮೇಲೆ ಹೋಗುವಾಗ ಕಿವಿ ಮೂಗಿಗೆ ಬಟ್ಟೆ ಕಟ್ಟಿಕೊಂಡು ಹೋದೆ.

ಬೇಸಿಗೆವರೆಗೆ ಬಿಟ್ಟರೆ ಪೂಲಿನಲ್ಲಿ ಕಲಿತದ್ದು ಕೈಯಿಂದ ಜಾರುತ್ತದೆ ಎಂಬ ಹೆದರಿಕೆಯೂ ಇತ್ತು. ಮೇ ಕೊನೆಯಲ್ಲಿ ಸಮುದ್ರ ಕೆಡುತ್ತದೆ, ಜೂನ್‌ನಿಂದ ಮಳೆ, ಆಗ ನಮ್ಮ ಕರಾವಳಿಯಲ್ಲಿ ಡೈವಿಂಗ್ ಬಂದ್. ಮಾರ್ಚ್‌ನಲ್ಲಿ ನನಗೆ ಶಾಲೆಯ ಪರೀಕ್ಷೆ ಕೆಲಸ. ಹಾಗಾಗಿ ಚಳಿಗಾಲವೇ ಆಗಬೇಕಿತ್ತು.

ಮೊದಲು ನಾನು ಎಲ್ಲರಿಗೂ ಫೋನ್ ಮಾಡಿ ಕೇಳುತ್ತಿದ್ದದ್ದು ಒಂದೇ: ನೀರು ಬೆಚ್ಚಗಿದೆಯಾ? ಅದು ತಪ್ಪು ಪ್ರಶ್ನೆ ಅಂತ ಆಮೇಲೆ ಗೊತ್ತಾಯಿತು. ಸಮುದ್ರ ನಿಧಾನವಾಗಿ ಕಾಯುತ್ತದೆ, ನಿಧಾನವಾಗಿ ತಣ್ಣಗಾಗುತ್ತದೆ. ಬೆಳಗಾವಿಯಲ್ಲಿ ಬೆಳಗಿನ ಜಾವ 14 ಡಿಗ್ರಿ ಇದ್ದ ವಾರದಲ್ಲೇ ಸಮುದ್ರದಲ್ಲಿ ನನ್ನ ಕೈಗೆ ಕಟ್ಟಿದ್ದ ಡೈವ್ ಕಂಪ್ಯೂಟರ್ (ಆಳ, ಸಮಯ ತೋರಿಸುವ ಗಡಿಯಾರದಂಥದ್ದು) 27 ಡಿಗ್ರಿ ತೋರಿಸಿತು. ಕೇಳಬೇಕಾದದ್ದು ಬೇರೆ. ನೀರು ತಿಳಿಯಾಗಿದೆಯಾ, ಗಾಳಿ ಹೇಗಿದೆ, ಕೋರ್ಸ್ ಮುಗಿಸುವವರಿಗೆ ಅವರು ಸಮಯ ಕೊಡುತ್ತಾರಾ. ಈ ಕೊನೆಯದೇ ಎಲ್ಲಕ್ಕಿಂತ ಮುಖ್ಯ. ಡಿಸೆಂಬರ್‌ನಲ್ಲಿ ಹೆಚ್ಚಿನ ಬೋಟುಗಳು ತುಂಬುವುದು ಒಂದು ಸಲ ನೋಡಿ ಹೋಗುವ ಪ್ರವಾಸಿಗಳಿಂದ. ಅವರನ್ನು ಹಿಡಿದುಕೊಂಡು ಇಳಿಸಿ, ಒಂದಿಷ್ಟು ಹೊತ್ತು ಮೀನು ತೋರಿಸಿ, ವಿಡಿಯೋ ತೆಗೆದು ಮೇಲೆ ತರುತ್ತಾರೆ. ಅದರಲ್ಲಿ ತಪ್ಪಿಲ್ಲ. ಆದರೆ ನಮಗೆ ಬೇಕಾದದ್ದು ಅದಲ್ಲವಲ್ಲ.

ಒಂದು ಕಡೆಯವರು ಫೋನಿನಲ್ಲೇ ಹೇಳಿದರು, “ನಾಲ್ಕೂ ಡೈವ್ ಒಂದೇ ದಿನದಲ್ಲಿ ಮಾಡಿಸಿ ಕಳಿಸ್ತೀವಿ, ಸಂಜೆ ಊರು ಸೇರಬಹುದು ಮೇಡಂ.” ಆ ನಾಲ್ಕು ಡೈವ್ ಕನಿಷ್ಠ ಎರಡು ದಿನಗಳಲ್ಲಿ ಆಗಬೇಕು, ಒಂದು ದಿನಕ್ಕೆ ಮೂರಕ್ಕಿಂತ ಜಾಸ್ತಿ ತರಬೇತಿ ಡೈವ್ ಇಲ್ಲ. ಇದು ನಿಯಮ. ಅಲ್ಲಿಗೆ ಆ ಮಾತು ಬಿಟ್ಟೆ.

ನಮ್ಮ ಕಡೆಯವರಿಗೆ ಹತ್ತಿರದ್ದು ಮಾಲವಣ, ತಾರ್ಕರ್ಲಿ ಮತ್ತು ಗೋವೆಯ ಗ್ರಾಂಡೆ ದ್ವೀಪ. ತಾರ್ಕರ್ಲಿಯಲ್ಲಿ ಮಹಾರಾಷ್ಟ್ರ ಪ್ರವಾಸೋದ್ಯಮ ನಿಗಮದ ಸ್ಕೂಬಾ ತರಬೇತಿ ಸಂಸ್ಥೆಯೇ ಇದೆ. ನನಗೆ ಬೇಕಾದ ದಿನಗಳು ಹೊಂದಲಿಲ್ಲ. ಪುದುಚೇರಿಗೆ ನವೆಂಬರ್ ಡಿಸೆಂಬರ್‌ನಲ್ಲಿ ಹಿಂಗಾರು ಮಳೆ. ಅಂಡಮಾನ್ ಎಲ್ಲಕ್ಕಿಂತ ಚಂದ, ನೀರು ಗಾಜಿನ ಹಾಗೆ ಇರುತ್ತದೆ, ಆದರೆ ವಿಮಾನದ ಖರ್ಚೇ ಕೋರ್ಸಿನಷ್ಟಾಗುತ್ತದೆ. ಹತ್ತಿರದ ಹಿಡಕಲ್ ಡ್ಯಾಮ್, ಆಲಮಟ್ಟಿ ಹಿನ್ನೀರು ಯಾಕಾಗಬಾರದು ಅಂತ ನನ್ನ ಜೊತೆಯ ಮಾಸ್ತರರು ಕೇಳಿದರು. ಕೆಂಪು ರಾಡಿ ನೀರು, ಕೈಯೇ ಕಾಣುವುದಿಲ್ಲ, ಕೃಷ್ಣೆಯಲ್ಲಿ ಮೊಸಳೆಯೂ ಇವೆ. ಅದೂ ಅಲ್ಲದೆ ಆಲಮಟ್ಟಿ ಜಲಾಶಯದ ಮಟ್ಟವೇ ಸಮುದ್ರಕ್ಕಿಂತ 519.6 ಮೀಟರ್ ಎತ್ತರ. 300 ಮೀಟರ್‌ಗಿಂತ ಮೇಲಿನ ನೀರಿನಲ್ಲಿ ಡೈವ್ ಮಾಡುವುದಕ್ಕೆ ಲೆಕ್ಕಾಚಾರವೇ ಬೇರೆ. ಹೊಸಬರ ಕೆಲಸ ಅಲ್ಲ.

ಕೊನೆಗೆ ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗುವುದು ಅಂತ ಆಯಿತು. ಸಂಕ್ರಾಂತಿಯ ಗದ್ದಲ ಮುಗಿದ ಮೇಲೆ, ವಾರದ ನಡುವಿನ ಎರಡು ದಿನ ಆರಿಸಿಕೊಂಡೆ. ಇದನ್ನು ಮಾತ್ರ ಯಾರಿಗಾದರೂ ಒತ್ತಿ ಹೇಳುತ್ತೇನೆ, ಶನಿವಾರ ಭಾನುವಾರ ಬೇಡ. ನಮ್ಮ ಬೋಟಿನಲ್ಲಿ ಕೋರ್ಸಿನವರು ನಾನು ಮತ್ತು ಧಾರವಾಡದ ಒಬ್ಬ ಹುಡುಗ, ಇಬ್ಬರೇ. ಇನ್‌ಸ್ಟ್ರಕ್ಟರ್ ಮೊದಲು ರೆಫರಲ್ ಕಾಗದ ಓದಿದರು, ಆರೋಗ್ಯದ ಫಾರ್ಮ್ ನೋಡಿದರು. ಆಮೇಲೆ ದಡದ ಹತ್ತಿರವೇ ಆಳ ಇಲ್ಲದ ನೀರಿನಲ್ಲಿ ಮಾಸ್ಕಿನ ನೀರು ಹೊರಹಾಕುವುದು, ಟ್ಯಾಂಕಿನ ಗಾಳಿ ಬಾಯಿಗೆ ಕೊಡುವ ರೆಗ್ಯುಲೇಟರ್ ಜಾರಿದರೆ ಹುಡುಕುವುದು, ಎಲ್ಲ ಮತ್ತೆ ಮಾಡಿಸಿದರು. ಮೂರು ತಿಂಗಳ ಅಂತರ ಆಗಿತ್ತಲ್ಲ, ಆ ಅರ್ಧ ಗಂಟೆ ಬಹಳ ಉಪಯೋಗಕ್ಕೆ ಬಂತು.

ಬೋಟು ಬೆಳಿಗ್ಗೆ ಬೇಗ ಹೊರಡುತ್ತದೆ. ಚಳಿಗಾಲದಲ್ಲಿ ಬೆಳಿಗ್ಗೆ ಗಾಳಿ ನೆಲದ ಕಡೆಯಿಂದ ಮೆಲ್ಲಗೆ ಬೀಸುತ್ತದೆ, ನೀರು ಮಲಗಿದ ಹಾಗೆ ಇರುತ್ತದೆ. ಮಧ್ಯಾಹ್ನದ ಮೇಲೆ ಸಮುದ್ರದ ಗಾಳಿ ಎದ್ದು ಅಲೆ ಶುರುವಾಗುತ್ತದೆ. ದ್ವೀಪ ದಡದಿಂದ ಸುಮಾರು 19 ಕಿಲೋಮೀಟರ್, ನಮಗೆ ಒಂದೂವರೆ ಗಂಟೆ ಹಿಡಿಯಿತು.

ಮೊದಲ ದಿನದ ಎರಡು ಡೈವ್ 12 ಮೀಟರ್ ಒಳಗೆ. ಮುಳುಗಲು ಕಟ್ಟಿಕೊಳ್ಳುವ ತೂಕ ಪೂಲಿನಲ್ಲಿ ನನಗೆ 4 ಕಿಲೋ ಸಾಕಾಗಿತ್ತು, ಇಲ್ಲಿ 6 ಬೇಕಾಯಿತು. ಉಪ್ಪು ನೀರು ನಮ್ಮನ್ನು ಜಾಸ್ತಿ ಎತ್ತುತ್ತದೆ, ಅದರ ಮೇಲೆ ಮೈ ಬೆಚ್ಚಗಿಡುವ ರಬ್ಬರಿನ ವೆಟ್‌ಸೂಟ್ ಬೇರೆ ತೇಲಿಸುತ್ತದೆ. ಮೊದಲ ಡೈವಿಗೆ 3 ಮಿಲಿಮೀಟರ್ ದಪ್ಪದ ಸೂಟು ಹಾಕಿದ್ದೆ. 27 ಡಿಗ್ರಿ ಅಂದರೆ ಬೆಚ್ಚಗೆ ಅನ್ನಿಸುತ್ತದೆ, ಆದರೆ ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈಯ ಕಾವನ್ನು ಎಳೆದುಕೊಳ್ಳುತ್ತದೆ. ನಲವತ್ತು ನಿಮಿಷ ಆಗುವಷ್ಟರಲ್ಲಿ ಬೆರಳು ತಣ್ಣಗಾಗಿದ್ದವು. ನಿಜವಾದ ಚಳಿ ಇದ್ದದ್ದು ಮೇಲೆ, ಬೋಟಿನಲ್ಲಿ. ಒದ್ದೆ ಸೂಟಿನಲ್ಲಿ ಗಾಳಿಗೆ ಕೂತರೆ ಹಲ್ಲು ಕಡಿಯುತ್ತದೆ. ಧಾರವಾಡದ ಹುಡುಗ ಹಾಗೇ ಕೂತು ನಡುಗಿದ, ಎರಡನೇ ಡೈವಿಗೆ ಇಳಿಯಲು ಮನಸ್ಸೇ ಬರುತ್ತಿಲ್ಲ ಅಂದ. ನನ್ನ ಹತ್ತಿರ ಇನ್ನೊಂದು ಟವೆಲ್ ಇತ್ತು, ಕೊಟ್ಟೆ. ಮಳೆಗಾಲದ ಜರ್ಕಿನ್ ಗಾಳಿಗೆ ಒಳ್ಳೆಯದು, ಸ್ವೆಟರ್ ಒದ್ದೆಯಾದರೆ ಕೆಲಸಕ್ಕೆ ಬರುವುದಿಲ್ಲ. ಸೂಟನ್ನು ಸೊಂಟದವರೆಗೆ ಇಳಿಸಿ, ಮೈ ಒರೆಸಿ, ಜರ್ಕಿನ್ ಹಾಕಿ, ಉಲ್ಲನ್ ಟೋಪಿ ಹಾಕಿಕೊಂಡೆ. ಗೋಕಾಕದ ಕರದಂಟು ಎರಡು ತುಂಡು, ಥರ್ಮಾಸಿನ ಚಹಾ. ಆ ಹುಡುಗನೂ ತಿಂದ, ಇಳಿದ.

ಎರಡನೇ ದಿನ 18 ಮೀಟರ್. ಅವತ್ತು ತುರ್ತಿನಲ್ಲಿ ಮೇಲೆ ಬರುವ ಅಭ್ಯಾಸವೂ ಇತ್ತು, ಟ್ಯಾಂಕಿನ ಗಾಳಿ ಮುಗಿದಿದೆ ಎಂದುಕೊಂಡು ಒಂದೇ ಉಸಿರು ಬಿಡುತ್ತಾ ಮೇಲೆ ಹೋಗುವುದು. ನಾನು ಈಜು ಕಲಿತದ್ದು ಅಜ್ಜನ ಊರಿನ ಬಾವಿಯಲ್ಲಿ, ಬೆನ್ನಿಗೆ ಡಬ್ಬಿ ಕಟ್ಟಿಕೊಂಡು. ಬಾವಿಯಲ್ಲಿ ಮುಳುಗುವವರಿಗೆ ಉಸಿರು ಹಿಡಿಯುವುದೇ ವಿದ್ಯೆ. ಕೋರ್ಸಿಗೆ ಬೇಕಾದ ಹತ್ತು ನಿಮಿಷ ತೇಲುವುದು, 200 ಮೀಟರ್ ಈಜುವುದು ನನಗೆ ಸಲೀಸಾಗಿದ್ದು ಆ ಬಾವಿಯಿಂದಲೇ. ಆದರೆ ಸ್ಕೂಬಾದಲ್ಲಿ ಉಸಿರು ಹಿಡಿಯಲೇಬಾರದು. ಹತ್ತು ಮೀಟರ್ ಆಳದಲ್ಲಿ ಶ್ವಾಸಕೋಶ ತುಂಬಿದ ಗಾಳಿ ಮೇಲೆ ಬರುವಷ್ಟರಲ್ಲಿ ಎರಡು ಪಟ್ಟಾಗುತ್ತದೆ, ಹಿಡಿದರೆ ಒಳಗೇ ಹರಿದುಬಿಡಬಹುದು. ಮೊದಲ ಸಲ ನನ್ನ ಗಂಟಲು ತಾನಾಗಿ ಮುಚ್ಚಿಕೊಂಡಿತು. ಇನ್‌ಸ್ಟ್ರಕ್ಟರ್ ತಕ್ಷಣ ತಡೆದು ಕೆಳಗೆ ಕರೆದುಕೊಂಡು ಹೋದರು. “ಅಕ್ಕಾ, ‘ಆ’ ಅಂತ ಹಾಡ್ತಾ ಬನ್ನಿ,” ಅಂತ ಮುಂಚೆಯೇ ಬೋಟಿನಲ್ಲಿ ಹೇಳಿದ್ದರು. ಎರಡನೇ ಸಲ ಉದ್ದಕ್ಕೂ ‘ಆ’ ಅನ್ನುತ್ತಾ ಬಂದೆ. ಬಾವಿಯಲ್ಲಿ ಬೆಳೆದವರು ಇದನ್ನು ಪೂಲಿನಲ್ಲೇ ಹತ್ತು ಸಲ ಮಾಡಿ ಹೋಗಿ, ದಯವಿಟ್ಟು.

ಇನ್ನು ಬೆಳಗಾವಿಯವರು ಗಮನಿಸಲೇಬೇಕಾದ ಒಂದು ವಿಷಯ. ಡೈವ್ ಆದ ಮೇಲೆ ವಿಮಾನ ಹತ್ತಬಾರದು ಅಂತ ಎಲ್ಲರೂ ಹೇಳುತ್ತಾರೆ. ಘಟ್ಟ ಹತ್ತಬಾರದು ಅಂತ ಯಾರೂ ಹೇಳುವುದಿಲ್ಲ. ಆಳದಲ್ಲಿ ಉಸಿರಾಡಿದ ಗಾಳಿಯಿಂದ ಮೈಯಲ್ಲಿ ಸೇರಿದ ಸಾರಜನಕ ನಿಧಾನವಾಗಿ ಹೊರಗೆ ಹೋಗಬೇಕು, ಅದಕ್ಕೆ ಮುಂಚೆ ಎತ್ತರಕ್ಕೆ ಹೋದರೆ ಹೊರಗಿನ ಒತ್ತಡ ಕಡಿಮೆಯಾಗಿ ಅದು ಮೈಯೊಳಗೇ ಗುಳ್ಳೆಯಾಗಬಹುದು. ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಎಂಬ ಸಂಸ್ಥೆಯ ಸಲಹೆ ಸುಮಾರು 600 ಮೀಟರ್ ಎತ್ತರದಿಂದಲೇ ಶುರುವಾಗುತ್ತದೆ: ಒಂದೇ ಡೈವ್ ಆಗಿದ್ದರೆ 12 ಗಂಟೆ, ಹಲವು ಆಗಿದ್ದರೆ 18 ಗಂಟೆ ಕಾಯಬೇಕು. ನಮ್ಮ ಬೆಳಗಾವಿ ಇರುವುದೇ ಸುಮಾರು 750 ಮೀಟರ್ ಮೇಲೆ. ಗೋವೆಯಿಂದ ಚೋರ್ಲಾ ಘಾಟ್ ಹತ್ತಿ ಬಂದರೂ ಅಷ್ಟೇ, ಮಾಲವಣದಿಂದ ಅಂಬೋಲಿ ಹತ್ತಿ ಬಂದರೂ ಅಷ್ಟೇ. ಮಧ್ಯಾಹ್ನ ಡೈವ್ ಮುಗಿಸಿ, ಮೀನೂಟ ಮಾಡಿ, ರಾತ್ರಿ ಮನೆ ಸೇರುವುದು ನಮ್ಮವರ ರೂಢಿ. ಇದನ್ನು ಕೇಳಿದಾಗ ನನಗೆ ನಿಜವಾಗಿ ಗಾಬರಿ ಆಯಿತು.

ಅದಕ್ಕೆ ಎರಡು ರಾತ್ರಿಯ ಬದಲು ಮೂರು ರಾತ್ರಿಗೆ ರೂಮ್ ಹಿಡಿದಿದ್ದೆ. ಆ ಸಂಜೆ ಡೈವ್‌ಗಳ ಲೆಕ್ಕ ಬರೆಯುವ ಲಾಗ್‌ಬುಕ್ಕಿಗೆ ಸಹಿ ಹಾಕಿಸಿಕೊಂಡು, ತಂಬಿಗೆಗಟ್ಟಲೆ ನೀರು ಕುಡಿದು, ದೇವಸ್ಥಾನದ ಹಿಂದೆ ಸಮುದ್ರ ನೋಡುತ್ತಾ ಕೂತಿದ್ದೆ. ಅವ್ವ ಫೋನ್ ಮಾಡಿ, “ಮುಗೀತಿಲ್ಲೋ, ಇವತ್ತ ಯಾಕ ಬರವಲ್ಲಿ?” ಅಂದಳು. ಮೈ ಇನ್ನೂ ಕೆಳಗೇ ಇದೆ, ನಾಳೆ ಬರುತ್ತೇನೆ ಅಂದೆ. ಬೆಳಿಗ್ಗೆ ಏಳಕ್ಕೆ ಹೊರಟು ಅಂಕೋಲಾ ದಾಟಿ ಅರಬೈಲ್ ಘಟ್ಟದ ಮೊದಲ ತಿರುವಿಗೆ ಬಂದಾಗ ಗಡಿಯಾರ ನೋಡಿದೆ. ಕೊನೆಯ ಡೈವ್ ಮುಗಿದು 22 ಗಂಟೆ ಆಗಿತ್ತು.