ಹಾಯಿದೋಣಿಯ ಕೀಲ್ ಕೇಬಲ್ ನಾನೇ ಬದಲಿಸಿದೆ

ಕ್ಯಾಬಿನ್ ಮೆಟ್ಟಿಲ ಕೆಳಗಿನ ವಿಂಚ್, ಅಂದರೆ ಹಿಡಿ ತಿರುಗಿಸಿ ಕೇಬಲ್ ಸುತ್ತುವ ಯಂತ್ರ, ಒರೆಸುತ್ತಿದ್ದೆ. ಅಂಗೈಗೆ ಏನೋ ಚುಚ್ಚಿ ಒಂದು ಹನಿ ರಕ್ತ ಬಂತು. ಬೆಳಕು ಹಾಕಿ ನೋಡಿದೆ. ಕೇಬಲ್‌ನ ಎರಡು ಸಣ್ಣ ತಂತಿ ತುಂಡಾಗಿ ಮುಳ್ಳಿನ ಹಾಗೆ ಎದ್ದಿದ್ದವು.

ನನ್ನದು ಕ್ಯಾಟಲಿನಾ 22, ಹೆಸರೇ ಹೇಳುವಂತೆ ಸುಮಾರು 22 ಅಡಿಯ ಹಾಯಿದೋಣಿ. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯಲ್ಲಿ, ರೆಡ್‌ವುಡ್ ಸಿಟಿ ಕಡೆ ಕಟ್ಟಿರುತ್ತೇನೆ. ಅಲ್ಲಿ ಇಳಿತದ ಹೊತ್ತಿಗೆ ಕೆಸರೇ ಮೇಲೆ ಬರುತ್ತದೆ. ಹಾಗಾಗಿ ಮೇಲೆತ್ತಬಹುದಾದ ಕೀಲ್ ಇರುವ ದೋಣಿಯೇ ಬೇಕು. ಕೀಲ್ ಅಂದರೆ ದೋಣಿಯ ತಳದಿಂದ ನೀರಿಗೆ ಇಳಿಯುವ ಭಾರದ ಹಲಗೆ. ಗಾಳಿ ಹಾಯಿಯನ್ನು ನೂಕಿದಾಗ ದೋಣಿ ಪಕ್ಕಕ್ಕೆ ಜಾರದಂತೆ, ಮಗುಚದಂತೆ ತಡೆಯುವುದು ಅದೇ. ಅದನ್ನು ಇಳಿಸಿದರೆ 5 ಅಡಿ ನೀರು ಬೇಕು, ಎತ್ತಿದರೆ 2 ಅಡಿ ಸಾಕು.

ಈ ಕೀಲ್ ಎರಕದ ಕಬ್ಬಿಣದ್ದು, ಸುಮಾರು 250 ಕಿಲೋ ತೂಕ. ಮುಂದಿನ ತುದಿ ಒಂದು ಪಿನ್ ಮೇಲೆ ತೂಗುತ್ತದೆ. ಹಿಂಭಾಗವನ್ನು ಹಿಡಿದಿರುವುದು ವಿಂಚ್‌ನಿಂದ ಬರುವ ಆ ಒಂದೇ ಒಂದು ಕೇಬಲ್. ಎತ್ತಿಟ್ಟಾಗ ಅದು ಕಿತ್ತುಹೋದರೆ ಅಷ್ಟು ಭಾರ ಒಮ್ಮೆಲೇ ಬೀಳುತ್ತದೆ. ತಳ ಒಡೆದು ನೀರು ನುಗ್ಗಬಹುದು.

ಆ ಕೇಬಲ್‌ನಲ್ಲಿ ಏಳು ಎಳೆ, ಒಂದೊಂದು ಎಳೆಯಲ್ಲಿ 19 ತಂತಿ, ಒಟ್ಟು 133. ಎರಡು ತಾನೇ ಹೋಗಿದ್ದು, ಈ ಸೀಸನ್ ಮುಗಿಯಲಿ ಅಂತ ಮನಸ್ಸು ಹೇಳಿತು. ಆಗ ಊರ ಮನೆಯ ಬಾವಿ ನೆನಪಾಯಿತು. ರಾಟೆ ಮೇಲಿನ ಹಗ್ಗ ಎಷ್ಟೇ ಗಟ್ಟಿ ಕಂಡರೂ ಅಪ್ಪ ಕೊಡಪಾನದ ಕುಣಿಕೆಯನ್ನು ಬಿಚ್ಚಿ ನೋಡುತ್ತಿದ್ದರು. ಸದಾ ಒದ್ದೆ ಇರುವ ಆ ಕಡೆಯೇ ಹಗ್ಗ ಮೊದಲು ಕೊಳೆಯುತ್ತಿತ್ತು.

ಕೇಬಲ್‌ಗೂ ಅದೇ ಕತೆ. ಸ್ಟೇನ್‌ಲೆಸ್ ಸ್ಟೀಲ್ ತುಕ್ಕು ಹಿಡಿಯದಿರಲು ಅದರ ಮೇಲಿನ ಕ್ರೋಮಿಯಂ ಆಕ್ಸೈಡಿನ ತೆಳು ಪದರ ಕಾರಣ. ಆ ಪದರ ಉಳಿಯಲು ಆಮ್ಲಜನಕ ಬೇಕು. ಕೇಬಲ್‌ನ ತುದಿಗೆ ಬಿಗಿಯಾಗಿ ಒತ್ತಿ ಕೂರಿಸಿದ ಲೋಹದ ಜೋಡಣೆಯೊಳಗೆ ಉಪ್ಪುನೀರು ಕದಲದೆ ನಿಂತಿರುತ್ತದೆ, ಆಮ್ಲಜನಕ ಸಿಗುವುದಿಲ್ಲ. ಸ್ಟೀಲ್ ಒಳಗೊಳಗೇ ತಿಂದುಹೋಗುತ್ತದೆ. ಅದಕ್ಕೇ ಹೊಸದನ್ನು 316 ದರ್ಜೆಯದ್ದೇ ತಂದೆ. ಇನ್ನೊಂದು ದರ್ಜೆಯಾದ 304ಕ್ಕಿಂತ ಬಲ ಸ್ವಲ್ಪ ಕಡಿಮೆ, ಆದರೆ ಉಪ್ಪಿಗೆ ಜಾಸ್ತಿ ತಡೆಯುತ್ತದೆ. ದಪ್ಪ 3/16 ಇಂಚು, ಹಳೆಯದರಷ್ಟೇ. ಕೀಲ್ ಕಡೆಯ ತುದಿಗೆ ಜೋಡಣೆ ಒತ್ತಿ ಕೊಟ್ಟಿದ್ದನ್ನೇ ಕೊಂಡೆ. ಆ ಕೆಲಸ ಕೈ ಇಕ್ಕಳದಲ್ಲಿ ಮಾಡುವಂಥದ್ದಲ್ಲ.

ದೋಣಿ ರಿಪೇರಿ ಯಾರ್ಡ್‌ನಲ್ಲಿ ದೋಣಿಯನ್ನು ಪಟ್ಟಿಗಳಲ್ಲಿ ಎತ್ತಿಸಿದೆ. ಕೀಲ್ ಕೆಳಗೆ ಮರದ ದಿಮ್ಮಿಗಳನ್ನು ಜೋಡಿಸಿ, ವಿಂಚ್‌ನಿಂದ ನಿಧಾನವಾಗಿ ಅದರ ಮೇಲೆ ಇಳಿಸಿದೆ. ಕೇಬಲ್ ಪೂರ್ತಿ ಸಡಿಲವಾಗಿ ಭಾರವೆಲ್ಲ ದಿಮ್ಮಿ ಮೇಲೆ ಕೂತ ಮೇಲೆಯೇ ಹತ್ತಿರ ಹೋದೆ. ಕೀಲ್ ಅಡಿಗೆ ಕೈ, ಕಾಲು, ತಲೆ ಯಾವುದನ್ನೂ ಹಾಕಬೇಡಿ. ಇದರಲ್ಲಿ ರಾಜಿಯೇ ಇಲ್ಲ.

ಕೆಳಗಿನ ಜೋಡಣೆಯನ್ನು ಬ್ರಷ್‌ನಿಂದ ಉಜ್ಜಿದೆ. ಕಂದು ಪುಡಿ ಉದುರಿತು. ಬಗ್ಗಿಸಿದೆ, ಐದಾರು ತಂತಿ ಪಟಪಟ ಮುರಿದವು. ಮೇಲೆ ಎರಡು ಕಂಡಿದ್ದಕ್ಕೆ ಕೆಳಗೆ ಇಷ್ಟು!

ಹೊಸ ಕೇಬಲ್ ಎಳೆಯುವುದು ಪೈಜಾಮಕ್ಕೆ ಲಾಡಿ ಹಾಕಿದ ಹಾಗೆ. ಹಳೆಯದಕ್ಕೆ ಟೇಪ್ ಬಿಗಿಯಾಗಿ ಸುತ್ತಿ, ಟೇಪ್ ಮಧ್ಯದಲ್ಲೇ ಕತ್ತರಿಸಿದೆ. ಇಲ್ಲದಿದ್ದರೆ ಎಳೆಗಳು ಬಿಚ್ಚಿಕೊಂಡು ಹರಡುತ್ತವೆ. ಹೊಸದರ ಬರಿ ತುದಿಯನ್ನು ಅದಕ್ಕೆ ತುದಿಗೆ ತುದಿ ಇಟ್ಟು ಟೇಪ್ ಸುತ್ತಿದೆ. ಒಳಗೆ ಮಗಳು ಎಳೆದಳು, ಹೊರಗಿಂದ ನಾನು ನೂಕಿದೆ. ತಳದ ತೂತು, ರಬ್ಬರ್ ಪೈಪ್, ತಿರುವು ಎಲ್ಲ ದಾಟಬೇಕು. ತಿರುವಿನಲ್ಲಿ ಒಮ್ಮೆ ಸಿಕ್ಕಿಕೊಂಡಿತು. ಜಗ್ಗಬೇಡ ಪುಟ್ಟಾ, ಸ್ವಲ್ಪ ಬಿಡು ಅಂದೆ. ಹಿಂದೆ ಮುಂದೆ ಆಡಿಸಿದ ಮೇಲೆ "ಅಪ್ಪಾ, ಬಂತು!" ಅಂದಳು.

ಆ ರಬ್ಬರ್ ಪೈಪನ್ನೂ ಇದೇ ಹೊತ್ತಿಗೆ ಬದಲಿಸಿ. ಅದು ಬಿರುಕು ಬಿಟ್ಟರೆ ಸಮುದ್ರ ನೇರ ಕ್ಯಾಬಿನ್‌ಗೇ ಬರುತ್ತದೆ. ಕೇಬಲ್ ತೆಗೆಯದೆ ಪೈಪ್ ಬಿಚ್ಚಲು ಆಗುವುದಿಲ್ಲ, ಆದ್ದರಿಂದ ಇಂಥ ಅವಕಾಶ ಮತ್ತೆ ಸಿಗಲ್ಲ. ಎರಡೂ ತುದಿಗೆ ಎರಡೆರಡು ಕ್ಲಾಂಪ್ ಹಾಕಿದೆ.

ಇಷ್ಟಾದ ಮೇಲೆ ನಾನೊಂದು ತಪ್ಪು ಮಾಡಿದೆ. ವಿಂಚ್ ಡ್ರಮ್‌ಗೆ ಕೇಬಲ್ ಉಲ್ಟಾ ಸುತ್ತಿಬಿಟ್ಟಿದ್ದೆ. ಈ ವಿಂಚ್‌ನ ಬ್ರೇಕ್ ಭಾರ ಒಂದೇ ದಿಕ್ಕಿನಿಂದ ಎಳೆದರೆ ಮಾತ್ರ ಹಿಡಿಯುತ್ತದೆ. ಕೀಲನ್ನು ದಿಮ್ಮಿಯಿಂದ ಬೆರಳಷ್ಟು ಎತ್ತಿ ಹಿಡಿ ಸಡಿಲಿಸಿ ನೋಡಿದಾಗ, ಹಿಡಿಯೇ ಹಿಂದಕ್ಕೆ ತಿರುಗಲು ಹೊರಟಿತು. ಎದೆ ಧಸಕ್ ಅಂತು. ಅಡಿಯಲ್ಲಿ ದಿಮ್ಮಿ ಇದ್ದಿದ್ದಕ್ಕೆ ಏನೂ ಆಗಲಿಲ್ಲ. ಬಿಚ್ಚಿ ಸರಿಯಾಗಿ ಸುತ್ತಿದೆ. ಹಳೆಯದನ್ನು ಬಿಚ್ಚುವ ಮೊದಲೇ ಫೋನ್‌ನಲ್ಲಿ ಒಂದು ಫೋಟೊ ತೆಗೆದಿದ್ದರೆ ಸಾಕಿತ್ತು. ಕೀಲ್ ಪೂರ್ತಿ ಇಳಿದಾಗಲೂ ಡ್ರಮ್ ಮೇಲೆ ಮೂರು ಸುತ್ತಾದರೂ ಉಳಿಯುವಷ್ಟು ಉದ್ದ ಬಿಟ್ಟೆ. ಭಾರ ಹೊರುವುದು ಆ ಸುತ್ತುಗಳ ಹಿಡಿತ, ತುದಿಯ ಬೋಲ್ಟ್ ಅಲ್ಲ. ಕೆಳಗೆ ಹೊಸ ಪಿನ್, ಅದು ಜಾರದಂತೆ ತಡೆಯುವ ಎರಡು ಕಾಲಿನ ಹೊಸ ಸ್ಪ್ಲಿಟ್ ಪಿನ್ ಹಾಕಿ ಅದರ ಎರಡೂ ಕಾಲು ಬಗ್ಗಿಸಿದೆ.

ನೀರಿಗಿಳಿಸುವ ಮುನ್ನ ಮೂರು ಸಲ ಕೀಲ್ ಎತ್ತಿ ಇಳಿಸಿದೆವು. ನೀರಿಗಿಳಿದ ಮೇಲೆ ಅರ್ಧ ಗಂಟೆ ಪೈಪ್ ಪಕ್ಕದಲ್ಲೇ ಟಾರ್ಚ್ ಹಿಡಿದು ಕೂತೆ. ಕ್ಲಾಂಪ್ ಸುತ್ತ ಒಣಗಿದ ಟಿಶ್ಯೂ ಒತ್ತಿ ನೋಡಿದೆ. ಒಂದು ಹನಿಯೂ ಇಲ್ಲ.

ಮಧ್ಯಾಹ್ನ ಗಾಳಿ ಎದ್ದಿತು. ದೋಣಿ ವೇಗ ಹಿಡಿದಾಗ ಕೇಬಲ್ ಗುಂಯ್ ಅಂತ ಹಾಡತೊಡಗಿತು. ನೀರು ಕೇಬಲನ್ನು ದಾಟಿ ಹರಿಯುವಾಗ ಅದು ನಡುಗುವ ಸದ್ದು ಅದು. "ಹೊಸದೂ ಕೂಗತ್ತಾ?" ಅಂದಳು ಮಗಳು.